ಸವಣೂರಿನಲ್ಲಿ ಹೊಲಿದ ಹಾರುವ ಅಂಗಿ

“ಅಕ್ಕಾರ, ನಮ್ಮ ಕೂಸಿಗೊಂದು ಹಾರೂ ಅಂಗಿ ಹೊಲದು ಕೊಡ್ತೀರೇನ್ರಿ?”

ಸವಣೂರಿಗೆ ಬಂದ ಮೂರನೇ ವಾರ ಎದುರುಮನೆಯ ಶಾಹೀನಾ ನನ್ನ ಬಾಗಿಲಲ್ಲಿ ನಿಂತು ಕೇಳಿದ ಮಾತಿದು. ಹದಿನಾಲ್ಕು ವರ್ಷ ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳಿಗೆ ರವಿಕೆ ಹೊಲಿದ ನಾನು ಅಂಥ ಅಂಗಿಯ ಹೆಸರನ್ನೇ ಕೇಳಿರಲಿಲ್ಲ. ಈ ಕಡೆಯ ಯಾವುದೋ ಹಬ್ಬದ ಉಡುಪಿರಬೇಕು ಅಂದುಕೊಂಡೆ. ಅವಳ ಹಿಂದೆ ಅಡಗಿದ್ದ ಮಗಳು, ಎರಡೂವರೆ ವರ್ಷದ ಅಲ್ಫಿಯಾ, ಎರಡೂ ಕೈ ಮುಂದಕ್ಕೆ ಚಾಚಿ ಅಂಗಳದಲ್ಲಿ ಒಂದು ಸುತ್ತು ಓಡಿ ತೋರಿಸಿದಾಗಲೇ ಅರ್ಥವಾಗಿದ್ದು. ಮೊಬೈಲಿನ ಕಾರ್ಟೂನಿನಲ್ಲಿ ಒಬ್ಬ ಹುಡುಗಿ ಹಾರಾಡುತ್ತಾಳೆ, ಬೆನ್ನ ಮೇಲೆ ಬಟ್ಟೆ ಪಟಪಟ ಬಡಿಯುತ್ತದೆ. ಮಗುವಿಗೆ ಅದು ಬೇಕು.

“ಅಂಗನವಾಡಿ ಒಳಗ ಕಾಲ ಇಡವಲ್ದು. ಆ ಅಂಗಿ ಹಾಕಿದ್ರ ಹೋಗ್ತೈತಂತ,” ಎಂದಳು ಶಾಹೀನಾ.

ನನ್ನ ಗಂಡನದು ಬೀಜದ ಕಂಪನಿಯ ಕೆಲಸ. ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಅಂತ ಮೆಕ್ಕೆಜೋಳದ ಹೊಲ ಸುತ್ತುತ್ತಾರೆ. ಬೆಳಿಗ್ಗೆ ಬೈಕ್ ಹತ್ತಿದರೆ ಮನೆಯಲ್ಲಿ ನಾನು ಮತ್ತು ನನ್ನ ಮಷೀನು. ಕನ್ನಡದ ಊರಿಂದ ಕನ್ನಡದ ಊರಿಗೇ ಬಂದಿದ್ದೇನೆ, ಭಾಷೆಯ ಚಿಂತೆಯಿಲ್ಲ ಅಂದುಕೊಂಡಿದ್ದೆ. ಆದರೆ ನಮ್ಮ ಕಡೆ “ಬನ್ನಿ, ಕೂತ್ಕೊಳಿ” ಅನ್ನುವುದನ್ನು ಇಲ್ಲಿ “ಬರ್ರಿ, ಕುಂದರ್ರಿ” ಎಂದು ಗಟ್ಟಿಯಾಗಿ ಹೇಳುವಾಗ ಕರೆಯುತ್ತಿದ್ದಾರೋ ಗದರುತ್ತಿದ್ದಾರೋ ತಿಳಿಯದೆ ನಾನು ಹೊಸ್ತಿಲಲ್ಲೇ ನಿಂತುಬಿಡುತ್ತಿದ್ದೆ. ಕಣ್ಣುಮುಚ್ಚಿ ಮುದ್ದೆ ತಿರುವುವ ನನ್ನ ಕೈಯಲ್ಲಿ ಜೋಳದ ರೊಟ್ಟಿ ಹೆಂಚು ಮುಟ್ಟುವ ಮೊದಲೇ ಹರಿಯುತ್ತಿತ್ತು. ನಾಲ್ಕು ಮಾತಾಡಲು ಒಬ್ಬರಾದರೂ ಬೇಕಿತ್ತು. ಹಾಗಾಗಿ ಈ ಅಂಗಿಯನ್ನು ನಾನು ಬರೀ ಅಂಗಿ ಎಂದುಕೊಳ್ಳಲಿಲ್ಲ. ಇದು ಚೆನ್ನಾಗಿ ಬಂದರೆ ಓಣಿಯ ಬಾಗಿಲುಗಳು ತೆರೆಯುತ್ತವೆ ಅನ್ನಿಸಿತ್ತು.

ಕೆಂಪು ಬನಿಯನ್ ಬಟ್ಟೆಯ ಫ್ರಾಕು, ಬೆನ್ನಿಗೆ ನೀಲಿ ಸ್ಯಾಟಿನ್. ಎದೆಯ ಮೇಲೆ ನಕ್ಷತ್ರ ಕೂರಿಸೋಣ ಎಂದರೆ ಅಲ್ಫಿಯಾ ಬೇಡವೆಂದು ತಲೆಯಾಡಿಸಿದಳು. “ಮುರ್ಗಿ!” ಎಂದಳು. ಕೋಳಿ ಬೇಕಂತೆ. ಹಳದಿ ಬಟ್ಟೆಯಲ್ಲಿ ದುಂಡು ಹೊಟ್ಟೆಯ ಕೋಳಿ ಕತ್ತರಿಸಿ ಕೂರಿಸಿದೆ. ಶಾಹೀನಾಳ ಅತ್ತೆ ಖತೀಜಾಬಿ ಬೆನ್ನಿನ ಬಟ್ಟೆ ಹಿಡಿದು ನೋಡಿ, “ಇದು ನಮ್ಮ ಕುಂಚಿಗಿ ಅಲ್ಲೇನ್ರಿ?” ಎಂದು ನಕ್ಕರು. ಕುಂಚಿಗಿ ಎಂದರೆ ಇಲ್ಲಿ ಎಳೆಗೂಸಿಗೆ ತೊಡಿಸುವ ಟೊಪ್ಪಿಗೆ. ಹಿಂದೆ ಬೆನ್ನುದ್ದಕ್ಕೂ ಇಳಿಬಿದ್ದಿರುತ್ತದೆ. ಅವರು ಇನ್ನೂ ಏನೋ ಹೇಳಲು ಹೊರಟಿದ್ದರು. ನಾನು ಕೆಲಸದ ಗುಂಗಿನಲ್ಲಿ ಕೇಳಿಸಿಕೊಳ್ಳಲಿಲ್ಲ. ಕತ್ತಿನ ಹತ್ತಿರ ಕಟ್ಟುವ ಲಾಡಿಗೆ ಮೂರು ಸಲ ಹೊಲಿಗೆ ಹಾಕಿದೆ. ನಾನು ಹಾಕಿದ ಹೊಲಿಗೆ ಬಿಚ್ಚಿತು ಅಂತ ಕೊಳ್ಳೇಗಾಲದಲ್ಲಿ ಒಬ್ಬರೂ ವಾಪಸು ಬಂದದ್ದಿಲ್ಲ.

ಅಲ್ಫಿಯಾ ಆ ಅಂಗಿ ತೊಟ್ಟು ಅಂಗನವಾಡಿಗೆ ಹೋದಳು. ಅಳಲಿಲ್ಲ. ನಾಲ್ಕು ದಿನ ಓಣಿಯಲ್ಲಿ ಅದೇ ಮಾತು. ಮೂವರು ತಾಯಂದಿರು ಬಟ್ಟೆ ಹಿಡಿದು ಬಂದರು. ನಾನು ಅವ್ವನಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ಐದನೇ ದಿನ ಮಧ್ಯಾಹ್ನ ಕಿಟಕಿಯ ಪಕ್ಕ ಹೊಲಿಯುತ್ತಿದ್ದೆ. ಹೊರಗೆ ನಮ್ಮ ಕಬ್ಬಿಣದ ಗೇಟಿನ ಮೇಲೆ ಅಲ್ಫಿಯಾ ನಿಂತು ಕಿರ್ ಕಿರ್ ಎಂದು ತೂಗುತ್ತಿದ್ದ ಸದ್ದು. ಒಮ್ಮೆಲೇ ಅದು ನಿಂತಿತು. ಬಿದ್ದ ಸಪ್ಪಳವಿಲ್ಲ, ಅಳುವಿಲ್ಲ. ತಲೆಯೆತ್ತಿ ನೋಡಿದೆ. ಮಗು ಗೇಟಿನಿಂದ ಹಾರಿತ್ತು. ನೀಲಿ ಬಟ್ಟೆ ಮೇಲಿನ ಚಿಲಕಕ್ಕೆ ಸಿಕ್ಕಿಕೊಂಡಿತ್ತು. ಪಾದಗಳು ನೆಲದಿಂದ ಒಂದು ಗೇಣು ಮೇಲೆ.

ಓಡಿಹೋಗಿ ಎತ್ತಿಕೊಂಡೆ. ಭಾರ ಕೈಗೆ ಬಂತು, ಆದರೆ ಲಾಡಿ ಕತ್ತಿನೊಳಗೆ ಹೂತಿತ್ತು. ಗಂಟಿಗೆ ಉಗುರು ಹೋಗುತ್ತಿಲ್ಲ. ಎಳೆದೆ. ಮೂರು ಹೊಲಿಗೆಯ ಲಾಡಿ ಜಗ್ಗಲಿಲ್ಲ. ಮಗುವಿನ ತುಟಿ ಬಣ್ಣ ಬದಲಾಗುತ್ತಿತ್ತು. ಹೊಲಿಯುವಾಗ ಸೊಂಟಕ್ಕೆ ಸಿಕ್ಕಿಸಿಕೊಂಡ ಕತ್ತರಿ ಅಲ್ಲೇ ಇದ್ದದ್ದು ತಡವಾಗಿ ಅರಿವಿಗೆ ಬಂತು. ಚರ್ಮಕ್ಕೂ ಲಾಡಿಗೂ ನಡುವೆ ನನ್ನ ಬೆರಳು ತೂರಿಸಿ, ಬೆರಳು ಕೊಯ್ದರೂ ಸರಿ ಎಂದು ಕತ್ತರಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಮ್ಮು. ಆಮೇಲೆ ಇಡೀ ಓಣಿಗೆ ಕೇಳುವಂತೆ ಅಳು.

ಶಾಹೀನಾ ಓಡಿಬಂದಳು. ಆಟೋದಲ್ಲಿ ಆಸ್ಪತ್ರೆಗೆ ಹೋದೆವು. ಕತ್ತಿನ ಸುತ್ತ ಕೆಂಪು ಗೆರೆ. ಡಾಕ್ಟರು ಗಂಟಲು, ಕಣ್ಣು ಎಲ್ಲ ನೋಡಿ, “ಈಗ ಆರಾಮ ಐತಿ. ಸಂಜಿತನಕ ಇಲ್ಲೇ ಇರ್ಲಿ. ದನಿ ಬದಲಾದ್ರ, ನುಂಗಾಕ ತ್ರಾಸಾದ್ರ ಲಗೂನ ಹೇಳ್ರಿ,” ಎಂದರು. ಗಂಡನಿಗೆ ಫೋನ್ ಮಾಡಿದರೆ ಮಾಸೂರಿನ ಹೊಲದಲ್ಲಿ ಸಿಗ್ನಲ್ ಇಲ್ಲ. ಬೆಂಚಿನ ಮೇಲೆ ಶಾಹೀನಾ ನನ್ನ ಬ್ಯಾಂಡೇಜು ಸುತ್ತಿದ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

“ನೀವು ಇರಲಿಲ್ಲಂದ್ರ ನನ್ನ ಕೂಸು ಉಳೀತಿರಲಿಲ್ರಿ ಅಕ್ಕಾರ. ಆ ಹಾಳ ಗೇಟು!”

ಸುಮ್ಮನಿದ್ದರೆ ಆಗುತ್ತಿತ್ತು. ಗೇಟಿನ ಮೇಲೆ ತಪ್ಪು ಹಾಕಿ ಓಣಿಯೆಲ್ಲ ನನ್ನನ್ನು ಹೊಗಳುತ್ತಿತ್ತು. ಪರವೂರಿನಲ್ಲಿ ಒಂಟಿಯಾಗಿರುವವಳಿಗೆ ಆ ಹೊಗಳಿಕೆ ಎಷ್ಟು ಬೇಕಿತ್ತು ಎಂದು ನನಗೇ ಗೊತ್ತು. ಆದರೆ ಇನ್ನೂ ಮೂರು ಮಕ್ಕಳ ಬಟ್ಟೆ ನನ್ನ ಮನೆಯಲ್ಲಿತ್ತು.

“ತಪ್ಪು ಗೇಟಿನದಲ್ಲ ಶಾಹೀನಾ,” ಎಂದೆ. “ನಾನು ಹೊಲಿದ ಲಾಡಿಯದು. ಅದು ಬಿಚ್ಚಿಕೊಳ್ಳಬೇಕಾಗಿತ್ತು. ಬಿಚ್ಚದ ಹಾಗೆ ಹೊಲಿದಿದ್ದೆ.”

ಅವಳು ನನ್ನ ಮುಖ ನೋಡಿದಳು. ಮೆಲ್ಲಗೆ ಕೈ ಬಿಟ್ಟಳು. ಸಂಜೆ ಮಗು ಹಾಲು ಕುಡಿದು ಎಂದಿನ ದನಿಯಲ್ಲಿ ಹಟ ಮಾಡುವವರೆಗೂ ಅವಳು ಮಂಚದ ಪಕ್ಕದಿಂದ ಏಳಲಿಲ್ಲ. ಮರುದಿನ ಬೆಳಿಗ್ಗೆ ಮಗುವನ್ನು ಕರೆದುಕೊಂಡು ತವರೂರು ಹಿರೇಬೆಂಡಿಗೇರಿಗೆ ಹೋದಳು.

ಮೂವರ ಬಟ್ಟೆಯನ್ನೂ ವಾಪಸು ಕೊಟ್ಟೆ. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಅಥವಾ ನನಗೆ ಹಾಗೆ ಕಾಣುತ್ತಿತ್ತು. ಫೋನಿನಲ್ಲಿ ಅವ್ವ, “ಎದ್ದು ಬಂದ್ಬುಡು ಮಗ,” ಎಂದಳು. ಹೊರಡಲೆಂದು ಅಟ್ಟದಿಂದ ಬ್ಯಾಗು ಕೆಳಗಿಳಿಸಿದ್ದೂ ನಿಜ.

ಎಂಟನೇ ದಿನ ಖತೀಜಾಬಿ ಬಂದರು. ಟ್ರಂಕಿನ ವಾಸನೆಯ ಹಳೆಯ ಕುಂಚಿಗಿಯೊಂದು ಕೈಯಲ್ಲಿತ್ತು. ಗದ್ದದ ಕೆಳಗಿನ ಕಸಿ, ಅಂದರೆ ಕಟ್ಟುವ ದಾರವನ್ನು ಬೆರಳಲ್ಲಿ ಮೀಟಿದರು. ಪಟ್ ಎಂದು ಕಿತ್ತು ಬಂತು.

“ನಮ್ಮವ್ವ ಹೊಲದದ್ರಿ. ಕಚ್ಚಾ ನೂಲಿಲೆ ಒಂದ ಟಾಕಾ, ಅಷ್ಟ. ಎಳದ್ರ ಹರೀಬೇಕು. ಕೂಸಿನ ಅರಿವಿ ಕೂಸಿನ್ನ ಹಿಡೀಬಾರದ್ರಿ. ಅವತ್ತ ಹೇಳಾಕ ಬಂದಿದ್ದೆ, ಸುಮ್ನಾದೆ. ನಂದೂ ತಪ್ಪೈತಿ.”

ಟಾಕಾ ಎಂದರೆ ಇಲ್ಲಿ ಹೊಲಿಗೆ, ಅರಿವಿ ಎಂದರೆ ಬಟ್ಟೆ. ಅವರು ಹೋದ ಮೇಲೆ ಮಷೀನಿನ ಮುಂದೆ ಕೂತು ಅತ್ತೆ. ಅತ್ತು ಮುಗಿಸಿ, ಆಸ್ಪತ್ರೆಯಿಂದ ನನ್ನ ಬಳಿಯೇ ಉಳಿದಿದ್ದ ಅಲ್ಫಿಯಾಳ ಅಂಗಿಯ ಹೊಲಿಗೆ ಬಿಚ್ಚಿದೆ. ಲಾಡಿ ತೆಗೆದೆ. ನೀಲಿ ಬಟ್ಟೆಯನ್ನು ಸೊಂಟದವರೆಗೆ ಗಿಡ್ಡ ಮಾಡಿ, ಎರಡು ಭುಜಕ್ಕೆ ಒಂದೊಂದು ಸಡಿಲವಾದ ಟಿಚ್ ಬಟನ್ ಹಾಕಿದೆ. ಆ ಬಟ್ಟೆಯನ್ನು ಗೇಟಿನ ಚಿಲಕಕ್ಕೆ ಸಿಕ್ಕಿಸಿ, ಅಂಗಿಯೊಳಗೆ ಒಂದು ಸೇರು ಜೋಳ ಕಟ್ಟಿ ಇಳಿಬಿಟ್ಟೆ. ಟಕ್ ಎಂದು ಕಳಚಿ ಬಿತ್ತು. ಅರ್ಧ ಸೇರಿಗೂ ಬಿತ್ತು. ಅದೆಷ್ಟು ಸಲ ನೋಡಿದೆನೋ.

ಇಪ್ಪತ್ತು ದಿನ ಕಳೆದು ಶಾಹೀನಾ ಮರಳಿದಳು. ಅಂಗಿ ಒಯ್ದು ಕೊಟ್ಟೆ. ನಿಂತಲ್ಲೇ ಬೆನ್ನಿನ ಬಟ್ಟೆ ಹಿಡಿದು ಜಗ್ಗಿದಳು. ಕಳಚಿತು. ಮತ್ತೆ ಸಿಕ್ಕಿಸಿ ಜಗ್ಗಿದಳು. ಹತ್ತು ಸಲವಾದರೂ ಜಗ್ಗಿರಬೇಕು. ಅಲ್ಫಿಯಾ ಮಾತ್ರ ಕೆಳಗಿನಿಂದ ಅಂಗಿಯ ಕೋಳಿಯನ್ನು ಮುಟ್ಟಲು ಕುಪ್ಪಳಿಸುತ್ತಿದ್ದಳು.

“ಅಂಗನವಾಡಿಗಷ್ಟ ಹಾಕ್ತೇನಿ,” ಎಂದಳು ಶಾಹೀನಾ, ನಗದೆ. ಬಾಗಿಲಿನಿಂದ ಪಕ್ಕಕ್ಕೆ ಸರಿದು, “ಒಳಗ ಬರ್ರಿ, ಕುಂದರ್ರಿ.”

ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ.

ಕಳೆದ ತಿಂಗಳು ತಮ್ಮನ ಮದುವೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆ. ಅವ್ವ ಮುದ್ದೆ ಬಡಿಸುತ್ತಿದ್ದಾಗ ಶಾಹೀನಾಳ ಫೋನ್ ಬಂತು. “ಅಕ್ಕಾರ, ಯಾವಾಗ ಬರ್ತೀರ್ರಿ? ಕೂಸು ದಿನಾ ನಿಮ್ಮನಿ ಬಾಗಲಾ ಬಡದು ಬರ್ತೈತಿ.” ನಾನು “ಗುರುವಾರ ಬರ್ತೇನಿ” ಎಂದೆ. ಸವಣೂರಿನ ಮಾತು ನಾಲಿಗೆಗೆ ತಾನಾಗಿ ಬಂದುಬಿಟ್ಟಿತು.

“ಯಾರವ್ವ ಅದು?” ಎಂದಳು ಅವ್ವ.

“ನಮ್ಮೂರೋರು ಕನವ್ವ,” ಎಂದೆ.

ಅವ್ವನ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯ ಮೇಲೆ ಹಾಗೇ ನಿಂತಿತು. “ಮತ್ತೆ ಇದು ಯಾರೂರು?”

ನಾನು ತಟ್ಟೆ ಮುಂದೆ ಚಾಚಿದೆ. ಅವ್ವ ಬಡಿಸಿದಳು.