ಆರಿಸಬಾರದ ಪೆಟ್ಟಿಗೆಯ ಕಾವಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹೊಸ ಕಟ್ಟಡದ ನಾಲ್ಕನೇ ಮಹಡಿ, ಲಿಫ್ಟಿನ ಪಕ್ಕದ ಕಿಟಕಿಯಿಲ್ಲದ ಕೋಣೆ. ಮೊಣಕಾಲೂರಿ ಕೂತ ಹೆಂಗಸೊಬ್ಬರು ಕಬ್ಬಿಣದ ಕಪಾಟಿನೊಳಗೆ ತಲೆ ತೂರಿಸಿ ಒಂದೊಂದೇ ಕೇಬಲ್ ಹಿಡಿದು ಚೀಟಿ ಅಂಟಿಸುತ್ತಿದ್ದಾರೆ. ಯುಪಿಎಸ್ ಬ್ಯಾಟರಿ ಬದಲಿಸಲು ಕರೆಂಟು ತೆಗೆಯಬೇಕಾದ ಎಲೆಕ್ಟ್ರಿಷಿಯನ್ ಬಾಗಿಲಲ್ಲಿ ಆಕಳಿಸುತ್ತಾನೆ.

"ಸ್ವಲ್ಪ ತಡ್ಕೊಪ್ಪಾ. ನಾನು ಹೇಳೋವರೆಗೂ ಯಾವುದಕ್ಕೂ ಕೈ ಹಾಕ್ಬೇಡ," ಎನ್ನುತ್ತಾರೆ ಅವರು, ತಲೆ ಹೊರಗೆ ತೆಗೆಯದೆ.

ದೊಡ್ಡ ಡಾಕ್ಟರಿಂದ ಹಿಡಿದು ಆಯಾವರೆಗೆ ಎಲ್ಲರೂ ಇವರನ್ನು ಕರೆಯುವುದು ನೆಟ್ಟಕ್ಕ ಎಂದೇ. ಆಸ್ಪತ್ರೆಯ ಕಂಪ್ಯೂಟರ್ ಜಾಲ ಇವರ ಜವಾಬ್ದಾರಿ, ಹಾಗಾಗಿ ನೆಟ್ ಹೋದಾಗ ಮಾತ್ರ ಜನಕ್ಕೆ ಇವರ ನೆನಪು. ಹೊಸ ಕಟ್ಟಡದ ಲ್ಯಾಬ್ ರಿಪೋರ್ಟು ಹಳೆಯ ಕಟ್ಟಡದ ತುರ್ತು ವಾರ್ಡಿಗೆ ತಲುಪುವುದು ಈ ಕಪಾಟಿನಲ್ಲಿರುವ, ನೆಟ್‌ವರ್ಕ್ ಸ್ವಿಚ್ ಎಂಬ ಒಂದೇ ಒಂದು ಪೆಟ್ಟಿಗೆಯ ಮೂಲಕ. ಅದು ಕೈಕೊಟ್ಟರೆ ಯಾರಾದರೂ ಕಾಗದ ಹಿಡಿದು ಓಡಬೇಕು, ಅಲ್ಲಿಯವರೆಗೆ ಜೀವ ಕೈಯಲ್ಲಿ ಹಿಡಿದ ರೋಗಿ ಕಾಯಬೇಕು.

ಇನ್ನು ತಲೆ ಕೆಡಿಸುವ ವಿಷಯಕ್ಕೆ ಬರೋಣ. ಈ ಪೆಟ್ಟಿಗೆಗೆ ಎಲ್ಲ ಕೆಲಸವೂ ಗೊತ್ತು. ಬೇಕಾದ ಸಾಫ್ಟ್‌ವೇರ್ ಒಳಗೇ ತಣ್ಣಗೆ ಕೂತಿದೆ. ಆದರೆ ಎಷ್ಟು ಲೈಸೆನ್ಸ್ ಕೊಂಡಿದ್ದೀರೋ ಅಷ್ಟೇ ಕೆಲಸ ಮಾಡುತ್ತದೆ. ಕೆಳದರ್ಜೆಯ ಲೈಸೆನ್ಸಾದರೆ ಒಂದು ಕಟ್ಟಡದೊಳಗಿನ ಕಂಪ್ಯೂಟರುಗಳನ್ನು ಜೋಡಿಸುತ್ತದೆ, ಆ ಜಾಲದಿಂದ ಇನ್ನೊಂದು ಕಟ್ಟಡದ ಜಾಲಕ್ಕೆ ದಾರಿ ತೋರಿಸಲು ಮೇಲ್ದರ್ಜೆಯದೇ ಆಗಬೇಕು. ಮನೆ ಮಾರಿ ಅಡುಗೆಮನೆಯ ಬೀಗದ ಕೈಗೆ ಬೇರೆ ದುಡ್ಡು ಕೇಳಿದ ಹಾಗೆ! ಖರೀದಿ ವಿಭಾಗದವರು 'ಪೆಟ್ಟಿಗೆ ಅದೇ ತಾನೆ' ಎಂದು ಕೆಳದರ್ಜೆಯದನ್ನೇ ತರಿಸಿ ಕೈ ತೊಳೆದುಕೊಂಡರು.

ಕಟ್ಟಡ ತೆರೆಯುವ ದಿನ ಹತ್ತಿರ ಬಂದಾಗ ನೆಟ್ಟಕ್ಕ ಬೇರೆ ದಾರಿ ಕಾಣದೆ ಕೆಲವು ವಾರಗಳ ಪುಕ್ಕಟೆ ಪ್ರಯೋಗದ ಲೈಸೆನ್ಸ್ ಚಾಲೂ ಮಾಡಿದರು. ವಾರಗಳು ಮುಗಿದವು, ಪೆಟ್ಟಿಗೆ ಮಾತ್ರ ನಡೆಯುತ್ತಲೇ ಇತ್ತು. ಒಂದೇ ತೊಡಕು: ಆರಿಸಬಾರದು. ಒಮ್ಮೆ ಆರಿತೋ, ದಾರಿ ತೋರಿಸುವುದನ್ನು ಮರೆತೇ ಏಳುತ್ತದೆ.

"ಇದು ನಾನೇ ತಂದ್ಕೊಂಡ ತಲೆನೋವು," ಎನ್ನುತ್ತಾರೆ. "ಹೆಂಗೂ ನಡೀತಿದೆಯಲ್ಲ ಅಂತ ಖರೀದಿಯವರು ಫೈಲ್ ಮುಚ್ಚಿಟ್ರು. ಅವತ್ತೇ ಕೆಲಸ ನಿಂತಿದ್ರೆ ಓಡಿಬಂದು ತರಿಸ್ತಿದ್ರು."

ಅಂದಿನಿಂದ ಗುಡುಗು ಕೇಳಿದರೆ ಸಾಕು, ಕರೆಂಟು ಹೋಯಿತೇನೋ ಎಂದು ಇವರು ಆಸ್ಪತ್ರೆಗೆ ಫೋನು ಮಾಡುತ್ತಾರೆ. ಗುಡಿಸುವವರ ಕೈ ತಾಗಿ ಪ್ಲಗ್ ಕಿತ್ತುಬಂದೀತೆಂದು ಈ ಕೋಣೆಯನ್ನು ತಾವೇ ಗುಡಿಸುತ್ತಾರೆ. ಆ ಪೆಟ್ಟಿಗೆಯನ್ನೇ ಕಟ್ಟಿಕೊಳ್ಳಬೇಕಿತ್ತು ನೀನು ಎಂದು ಗಂಡ ರೇಗಿಸುತ್ತಾರಂತೆ.

ಕೊನೆಗೆ ಯುಪಿಎಸ್ ಬ್ಯಾಟರಿ ಉಬ್ಬಿ, ಕರೆಂಟು ತೆಗೆಯದೆ ಗತಿಯಿಲ್ಲ ಎಂದಾದಾಗ ಸರಿಯಾದ ಲೈಸೆನ್ಸ್ ಬಂತು. ಬಂತು ಅಂದರೆ ಏನು ಬಂತು, ಮಣ್ಣು! ಲೈಸೆನ್ಸ್ ಕೊಡುವುದು ಆಯಾ ಪೆಟ್ಟಿಗೆಯ ನಂಬರಿಗೆ. ನಂಬರ್ ನೋಡಲು, ಲಿಫ್ಟಿದ್ದರೂ ನಾಲ್ಕನೇ ಮಹಡಿಗೆ ಬರಲು ಸೋಮಾರಿತನ ಮಾಡಿದ ಸ್ಟೋರಿನವರು ತಮ್ಮ ಪಕ್ಕದಲ್ಲೇ ಬಿದ್ದಿದ್ದ, ಅದೇ ಮಾದರಿಯ ಇನ್ನೊಂದು ಪೆಟ್ಟಿಗೆಯ ನಂಬರ್ ಬರೆದು ಕಳಿಸಿದ್ದರು. ತಿದ್ದಿಕೊಡಿ ಎಂದು ಕಂಪನಿಯನ್ನು ಕೇಳಿದರೆ, ಪರಿಶೀಲಿಸುತ್ತೇವೆ ಎಂಬ ಉತ್ತರ. ಕೇಳುವ ನನಗೇ ಮೈ ಉರಿಯುತ್ತದೆ, ಅನುಭವಿಸಿದವರ ಪಾಡು ಹೇಗಿರಬೇಡ?

ನಿನ್ನೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ನೆಟ್ಟಕ್ಕನಿಗೆ ಹೊಳೆಯಿತು: ಲೈಸೆನ್ಸ್ ಈ ಪೆಟ್ಟಿಗೆಗೆ ಬರದಿದ್ದರೆ ಬೇಡ, ಲೈಸೆನ್ಸ್ ಇರುವ ಪೆಟ್ಟಿಗೆಯೇ ಇಲ್ಲಿಗೆ ಬರಲಿ. ಮುಂದಿನ ನಿಲ್ದಾಣದಲ್ಲೇ ಇಳಿದು ವಾಪಸ್ ಬಂದರು. ಸ್ಟೋರಿನ ಪೆಟ್ಟಿಗೆಯನ್ನು ಸೊಂಟದ ಮೇಲೆ ಹೊತ್ತು ತಂದು, ಅದಕ್ಕೆ ಲೈಸೆನ್ಸ್ ಹಾಕಿ, ಹಳೆಯದಕ್ಕೆ ಕಲಿಸಿದ್ದನ್ನೆಲ್ಲ ಕಲಿಸಿಟ್ಟರು.

ಈಗ ನೆಟ್ಟಕ್ಕ ಹೂಂ ಎಂದಿದ್ದಾರೆ, ಎಲೆಕ್ಟ್ರಿಷಿಯನ್ ಕರೆಂಟು ತೆಗೆದಿದ್ದಾನೆ. ಈ ಹೊತ್ತಿಗೆಂದೇ ರಿಪೋರ್ಟು ಹೊರಲು ಲ್ಯಾಬಿನಲ್ಲಿ ಇಬ್ಬರನ್ನು ಮೊದಲೇ ನಿಲ್ಲಿಸಿದ್ದಾರೆ. ಹಳೆಯ ಪೆಟ್ಟಿಗೆ ಹೊರಗೆ, ಇನ್ನೊಂದು ಒಳಗೆ. ಚೀಟಿ ನೋಡಿ ನೋಡಿ ಕೇಬಲ್ ಸಿಕ್ಕಿಸುತ್ತಾರೆ. ಬ್ಯಾಟರಿ ಕೂತು ಕರೆಂಟು ಬರುತ್ತದೆ. ಫೋನಿನಲ್ಲಿ ವಾರ್ಡಿನ ನರ್ಸಮ್ಮ. ಲ್ಯಾಬಿನಿಂದ ಒಂದು ರಿಪೋರ್ಟು ಹೊರಡುತ್ತದೆ. ಆಮೇಲೆ, "ಬಂತು ಕಣಕ್ಕಾ."

ಅಷ್ಟಕ್ಕೇ ಮುಗಿಯಿತೆಂದುಕೊಂಡೆ. "ಇನ್ನೊಂದು ಸಲ ಆರಿಸ್ತೀನಿ, ಗಾಬರಿಯಾಗ್ಬೇಡಿ," ಎಂದು ನರ್ಸಮ್ಮನಿಗೆ ಹೇಳಿ, ನೆಟ್ಟಕ್ಕ ತಮ್ಮ ಕೈಯಾರೆ ಪ್ಲಗ್ ಕೀಳುತ್ತಾರೆ. ಮತ್ತೆ ಸಿಕ್ಕಿಸುತ್ತಾರೆ. ಪೆಟ್ಟಿಗೆ ನಿಧಾನಕ್ಕೆ ಏಳುತ್ತದೆ. ಎರಡನೇ ರಿಪೋರ್ಟೂ ವಾರ್ಡಿಗೆ ತಲುಪುತ್ತದೆ.

ಇನ್ನೇನು ಆಸೆ ಎಂದು ಕೇಳಿದೆ. ಗೋಡೆಗೆ ಒರಗಿ ಕಾಲು ಚಾಚಿದರು.

"ಇನ್ಮೇಲೆ ಏನಾದ್ರೂ ತರಿಸೋ ಮುಂಚೆ ನನ್ನನ್ನ ಒಂದ್ಮಾತು ಕೇಳ್ಲಿ, ಅಷ್ಟೇ. ಇವತ್ತು ಮಾತ್ರ ಮನೆಗೆ ಹೋಗಿ, ಫೋನು ಆಫ್ ಮಾಡಿ ಮಲಗ್ತೀನಿ. ಮಳೆ ಬಂದ್ರೆ ಬರ್ಲಿ."