ಮನೆಮಗಳು ಆರಿಸಿದ ಅಡುಗೆಮನೆ

ನಮ್ಮ ಅಡುಗೆಮನೆಯನ್ನು ಆರಿಸಿದವಳು ನನ್ನ ನಾದಿನಿ. ಅವಳು ಇರುವುದು ಕಲಬುರಗಿಯಲ್ಲಿ, ಅಡುಗೆಮನೆ ಇರುವುದು ಶಹಾಪುರದಲ್ಲಿ, ಅದರಲ್ಲಿ ದಿನಾ ರೊಟ್ಟಿ ಬಡಿಯಬೇಕಾದವಳು ನಾನು. ನಮ್ಮ ಕಡೆಯವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮನೆ ಕಟ್ಟಲಿ, ಕೆಡವಲಿ, ಒಂದು ಬಾಗಿಲು ಕೂಡಿಸಲಿ, ಮನೆಮಗಳನ್ನು ಕರೆದು ಕೇಳಬೇಕು. ಕೊಟ್ಟ ಮನೆಯಿಂದ ಅವಳು ಬಂದು ಹೂಂ ಎನ್ನದೆ ಕೆಲಸ ಸುರುವಾಗುವುದಿಲ್ಲ. ಕೇಳದೆ ಮಾಡಿದರೆ ಅವಳು ಕಣ್ಣೀರು ಹಾಕುತ್ತಾಳೆ, ತವರಿನಲ್ಲಿ ಮಗಳು ಅತ್ತರೆ ಒಳ್ಳೆಯದಲ್ಲ ಎಂದು ಎಲ್ಲರೂ ಹೆದರುತ್ತಾರೆ. ಸೊಸೆ ಅತ್ತರೆ ಏನಾಗುತ್ತದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಕೆಲಸ ಸುರುವಾದದ್ದು ಮಾತ್ರ ನನ್ನ ಮೊಣಕಾಲಿನ ಹೆಸರಿನಲ್ಲಿ. ಹಳೆಯ ಅಡುಗೆಮನೆಯಲ್ಲಿ ಒಲೆ ನೆಲದ ಮೇಲಿತ್ತು. ಶಹಾಬಾದ್ ಕಲ್ಲಿನ ಮೇಲೆ ಕೂತು, ಮುಂದೆ ಹಲಗೆ ಇಟ್ಟುಕೊಂಡು, ಮದುವೆಯಾಗಿ ಬಂದಂದಿನಿಂದ ರೊಟ್ಟಿ ಬಡಿದಿದ್ದೆ. ನಾನು ಪ್ರಾಥಮಿಕ ಶಾಲೆಯ ಟೀಚರು. ಬೆಳಿಗ್ಗೆ ರೊಟ್ಟಿ ಮುಗಿಸಿಯೇ ಶಾಲೆಗೆ ಓಡಬೇಕು. ಬರಬರುತ್ತ, ಕೂತರೆ ಏಳಲಾಗದ ಹಾಗಾಯಿತು. ಇನ್ನು ನೆಲಕ್ಕೆ ಕೂಡಲೇಬಾರದು, ನಿಂತೇ ಅಡುಗೆ ಮಾಡಬೇಕು ಎಂದು ಯಾದಗಿರಿಯ ಡಾಕ್ಟರು ಹೇಳಿದರು. ಹಾಗಾದರೆ ಅಡುಗೆಮನೆ ಹೊಸದಾಗಿ ಮಾಡಿಸಿಬಿಡೋಣ ಎಂದು ಯಜಮಾನರು ಅಲ್ಲೇ ಒಪ್ಪಿದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ನನಗೆ ನೋವಿನ ನೆನಪೇ ಇರಲಿಲ್ಲ. ಕಿಟಕಿಯ ಪಕ್ಕ ಕೂತು ಮನಸ್ಸಿನಲ್ಲೇ ಡಬ್ಬಿಗಳನ್ನು ಜೋಡಿಸುತ್ತಿದ್ದೆ.

ನಿಂತು ರೊಟ್ಟಿ ಬಡಿಯುವುದೆಂದರೆ ನಿಂತು ಚಹಾ ಕುದಿಸಿದಷ್ಟು ಸುಲಭವಲ್ಲ. ಜೋಳದ ಹಿಟ್ಟನ್ನು ಅಂಗೈಯಿಂದ ಬಡಿಯುತ್ತ ತಿರುಗಿಸಬೇಕು, ಬಲ ಭುಜದಿಂದ ಕೆಳಗಿಳಿಯಬೇಕು. ಕಟ್ಟೆ ಸ್ವಲ್ಪ ಎತ್ತರವಾದರೂ ಭುಜ ಮೇಲೆದ್ದು ಕುತ್ತಿಗೆ ಹಿಡಿಯುತ್ತದೆ, ರೊಟ್ಟಿ ನಡುವೆ ದಪ್ಪವಾಗಿ ಅಂಚು ಹರಿಯುತ್ತದೆ. ನಾನು ಗಿಡ್ಡ ಬೇರೆ. ನಮ್ಮ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಒಂದು ಕಟ್ಟೆ ನನಗೆ ಸರಿಯಾಗಿ ಹೊಂದುತ್ತಿತ್ತು. ಯಾರೂ ಇಲ್ಲದಾಗ ಅದರ ಮುಂದೆ ನಿಂತು ಬರಿಗೈ ಬಡಿದು ನೋಡಿದೆ. ನೆಲದಿಂದ ಅದರ ಅಂಚಿನವರೆಗೆ ಒಂದು ದಾರ ಹಿಡಿದು, ಕತ್ತರಿಸಿ, ಪರ್ಸಿನಲ್ಲಿ ಇಟ್ಟುಕೊಂಡೆ. ಇನ್ನೊಮ್ಮೆ ಯಾದಗಿರಿಗೆ ಹೋದಾಗ ಪ್ಲೈವುಡ್ ಅಂಗಡಿಯಿಂದ, ಕಪಾಟಿನ ಬಾಗಿಲಿಗೆ ಹಚ್ಚುವ ಲ್ಯಾಮಿನೇಟಿನ ಒಂದು ತುಣುಕು ತಂದೆ. ಹೊಳಪಿಲ್ಲದ ಮಣ್ಣಿನ ಬಣ್ಣ, ಮುಟ್ಟಿದರೆ ಸ್ವಲ್ಪ ಒರಟು. ಎಣ್ಣೆಯ ಕೈ, ಅರಿಶಿಣದ ಕೈ ತಾಗಿದರೂ ಎದ್ದು ಕಾಣುವುದಿಲ್ಲ. ದಾರವನ್ನೂ ತುಣುಕನ್ನೂ ಯಜಮಾನರ ಕೈಗೆ ಕೊಟ್ಟೆ. ಅವರು ಎರಡನ್ನೂ ನೋಡಿ, ತಂಗಿಗೆ ಒಂದು ಮಾತು ಕೇಳಿಬಿಡೋಣ ಎಂದರು.

ಆ ಒಂದು ಮಾತು ಕಲಬುರಗಿಯಿಂದ ಕಾರಿನಲ್ಲಿ ಬಂತು, ಜೊತೆಗೆ ಡಿಸೈನರನನ್ನೂ ಕೂಡಿಸಿಕೊಂಡು. ನಾದಿನಿಯ ಮನೆಯ ಅಡುಗೆಮನೆ ಮಾಡಿಕೊಟ್ಟವನು ಅವನೇ. ಅವಳು ಕೆಟ್ಟವಳೇನಲ್ಲ. ಅವಳ ಮನೆಗೆ ರೊಟ್ಟಿ ಅಂಗಡಿಯಿಂದ ಬರುತ್ತದೆ, ಅಷ್ಟೇ. ಡಿಸೈನರ್ ನಡುಮನೆಯ ಸೋಫಾದ ಮೇಲೆ ಮಾದರಿಯ ಹಲಗೆಗಳನ್ನು ಹರಡಿದ. ಬಿಳಿ, ಬಿಳಿಯಲ್ಲೇ ಇನ್ನೊಂದು ಬಿಳಿ, ಆಮೇಲೆ ಮುಖ ಕಾಣುವಷ್ಟು ಹೊಳೆಯುವ ಬಿಳಿ. ಮೊಬೈಲಿನಲ್ಲಿ ನಮ್ಮ ಹೊಸ ಅಡುಗೆಮನೆ ಹೇಗಿರುತ್ತದೆ ಎಂಬ ಚಿತ್ರವನ್ನೂ ತೋರಿಸಿದ. ಅದರಲ್ಲಿ ಒಂದು ಹೂದಾನಿ ಇತ್ತು, ಹಿಟ್ಟಿನ ಡಬ್ಬಿ ಇರಲಿಲ್ಲ. ಅಣ್ಣ ತಂಗಿ ಕೂತು ನೋಡಿದರು. ನಾನು ಚಹಾ ತಂದೆ, ಖಾಲಿ ಕಪ್ಪುಗಳನ್ನು ಒಯ್ದೆ, ಮತ್ತೆ ನೀರು ತಂದೆ. ಹೀಗೆ ನನ್ನ ಅಡುಗೆಮನೆಯ ಅರ್ಧ ಮಾತುಕತೆ ನಾನು ಅಡುಗೆಮನೆಯಲ್ಲಿದ್ದಾಗಲೇ ಮುಗಿದುಹೋಯಿತು.

ಒಮ್ಮೆ ಮಾತ್ರ ನಾದಿನಿ ನನ್ನ ಕಡೆ ತಿರುಗಿದಳು.

“ವೈನಿ, ನಿಮಗ ಯಾವ್ದು ಚೊಲೊ ಅನಸ್ತದ, ಹೇಳ್ರಿ.”

ನಾನು ತಂದ ಮಣ್ಣಿನ ಬಣ್ಣದ ತುಣುಕು ಯಜಮಾನರ ಪಕ್ಕದಲ್ಲೇ ಬಿದ್ದಿತ್ತು. ನಾನು ಅವರ ಮುಖ ನೋಡಿದೆ, ಅವರು ಗಡಿಯಾರ ನೋಡಿದರು. ತವರಿಗೆ ಬಂದ ಮಗಳ ಮಾತಿಗೆ ಅಡ್ಡ ಬಂದ ಸೊಸೆ ಎಂದು ಓಣಿಯಲ್ಲಿ ಹೆಸರು ಕೆಡುವುದು ಎಷ್ಟು ಹೊತ್ತಿನ ಕೆಲಸ?

“ನಿಮಗ ಹೆಂಗ ಬೇಕೊ ಹಂಗ ಮಾಡ್ರಿ,” ಎಂದೆ.

ಅದನ್ನು ಅವರು ಒಪ್ಪಿಗೆ ಎಂದು ತಿಳಿದುಕೊಂಡರು. ಒಪ್ಪಿಗೆಯಲ್ಲ ಅದು. ಬಾಯಿ ಮುಚ್ಚಿಕೊಳ್ಳಲು ನಾವು ಸೊಸೆಯಂದಿರು ಬಳಸುವ ಮಾತು, ನಮ್ಮ ತಾಯಂದಿರು ಹೇಳಿಕೊಡದೆಯೇ ಬರುತ್ತದೆ.

ಎತ್ತರದ ವಿಷಯವನ್ನು ಮಾತ್ರ ಬಿಡಲಾಗಲಿಲ್ಲ. ದಾರ ತೋರಿಸಿ, ಕಟ್ಟೆ ಇಷ್ಟೇ ಇರಲಿ ಎಂದು ಡಿಸೈನರನಿಗೆ ಹೇಳಿದೆ. ಅವನು ನಕ್ಕ. ಎಲ್ಲ ಮನೆಗಳಲ್ಲೂ ಒಂದೇ ಎತ್ತರ, ಕೆಳಗಿನ ಕಪಾಟು ಆ ಅಳತೆಗೇ ತಯಾರಾಗಿ ಬರುತ್ತದೆ, ತಗ್ಗಿಸಿದರೆ ಲುಕ್ ಕೆಡುತ್ತದೆ ಎಂದ. ಯಜಮಾನರೂ ನಾದಿನಿಯೂ ಗೋಣು ಆಡಿಸಿದರು. ಹೋಗುವಾಗ ಹಲಗೆಗಳನ್ನು ಕಟ್ಟಲು ಅವನಿಗೆ ಬೇರೇನೂ ಸಿಗಲಿಲ್ಲವೋ ಏನೋ, ನನ್ನ ದಾರದಿಂದಲೇ ಕಟ್ಟಿಕೊಂಡು ಹೋದ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಾಗರಪಂಚಮಿಗೆ ಮುಂಚೆಯೇ ಅಡುಗೆಮನೆ ಸಿದ್ಧವಾಯಿತು. ಗುಡ್ಡದ ಕಡೆ ಇದ್ದ ಕಿಟಕಿ ಎತ್ತರದ ಕಪಾಟಿನ ಹಿಂದೆ ಮುಚ್ಚಿಹೋಗಿತ್ತು. ಹಾಲು ಉಕ್ಕಿಸಿದೆವು, ಊದಿನಕಡ್ಡಿ ಬೆಳಗಿದೆವು. ಮರುದಿನ ನಾನು ರೊಟ್ಟಿಗೆ ನಿಂತೆ. ಕಟ್ಟೆ ಹೊಟ್ಟೆಗಿಂತ ಮೇಲೆ ಬರುತ್ತಿತ್ತು. ದೇವರ ಕೋಣೆಯ ಮಣೆ ತಂದು ಅದರ ಮೇಲೆ ನಿಂತು ಬಡಿದೆ. ಮಣೆ ಸರಿದು ಮೊಣಕಾಲು ಕಳಕ್ ಎಂದಿತು, ರೊಟ್ಟಿ ಕೈಯಲ್ಲೇ ಎರಡು ಹೋಳಾಯಿತು. ಸಪ್ಪಳ ಕೇಳಿ ಯಜಮಾನರು ಓಡಿಬಂದರು. ನನ್ನ ಕಾಲಿಗೆ ಏನಾಯಿತೋ ಎಂದು ಬಂದಿರಬೇಕು ಅಂದುಕೊಂಡೆ. ಅವರು ಹೆಗಲ ಮೇಲಿನ ಟವೆಲ್ಲಿನಿಂದ ಕಪಾಟಿನ ಬಾಗಿಲ ಮೇಲಿದ್ದ ನನ್ನ ಕೈಗುರುತು ಒರೆಸಿದರು. ಗಾಜಿನ ಹೊಸ ಗ್ಯಾಸ್ ಒಲೆಯ ಮೇಲೆ ಕಬ್ಬಿಣದ ಹಂಚು ನೋಡಿ, ಗಾಜು ಒಡೆದೀತೆಂದು ಅದನ್ನೂ ಇಳಿಸಿದರು.

“ಈ ರೊಟ್ಟಿ ಕೆಲ್ಸ ಹಿಂದ ತಗಡಿನ ಕೆಳಗ ಇಟ್ಕೊ. ಇಲ್ಲಿ ಬರೇ ಚಾ ಮಾಡು, ಅನ್ನ ಮಾಡು. ಹೊಸಾದು ಹೊಸಾದ್ರಂಗ ಇರ್ಲಿ.”

ಹಿಂದೆ ಎಂದರೆ ಹಿತ್ತಲು. ಅಲ್ಲಿ ತಗಡಿನ ಚಪ್ಪರ, ಅದರ ಕೆಳಗೆ ಕಿತ್ತು ಹಾಕಿದ ಹಳೆಯ ಶಹಾಬಾದ್ ಕಲ್ಲು, ಅದರ ಮೇಲೆ ನನ್ನ ಹಳೆಯ ಒಲೆ. ನೆಲಕ್ಕೆ ಕೂಡಬಾರದು ಎಂದು ಮಾಡಿಸಿದ ಅಡುಗೆಮನೆ ನನ್ನನ್ನು ಮತ್ತೆ ನೆಲಕ್ಕೇ ಕೂಡಿಸಿತು, ಅದೂ ಕಾದ ತಗಡಿನ ಕೆಳಗೆ. ಡಾಕ್ಟರು ಹೇಳಿದ್ದನ್ನು ನೆನಪಿಸಿದೆ. ಸ್ವಲ್ಪ ದಿನ ಹೋಗಲಿ ನೋಡೋಣ ಎಂದರು. ದಿನಗಳು ಹೋಗುತ್ತಲೇ ಇವೆ.

ಪಂಚಮಿಗೆ ನಾದಿನಿ ಬಂದಳು. ಓಣಿಯ ಹೆಂಗಸರೆಲ್ಲ ಉಂಡಿ ತಿನ್ನುವ ನೆಪದಲ್ಲಿ ಬಂದು ಡ್ರಾವರುಗಳನ್ನು ಎಳೆದೆಳೆದು ನೋಡಿದರು. ಯಾರು ಆರಿಸಿದ್ದು ಎಂದು ಕೇಳಿದರು. ನನ್ನ ತಂಗಿ ಎಂದು ಯಜಮಾನರು ಎದೆಯುಬ್ಬಿಸಿ ಹೇಳಿದರು. ನಾನು ಹಿತ್ತಲ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದೆ. ಒಬ್ಬಳು ನನ್ನನ್ನು ನೋಡಿ, ಪುಣ್ಯ ಮಾಡಿದ್ದೀ ಎಂದಳು. ಹೌದು ಎಂದೆ.

ದೀಪಾವಳಿ ಕಳೆದ ಮೇಲೆ ಕೆಂಭಾವಿಯಿಂದ ತಮ್ಮನ ಫೋನು ಬಂತು. ಕೆಂಭಾವಿ ನನ್ನ ತವರು. ಅವನೂ ಅಡುಗೆಮನೆ ಹೊಸದು ಮಾಡಿಸುತ್ತಿದ್ದಾನಂತೆ, ನಾನು ಬಂದು ಬಣ್ಣ ಆರಿಸಬೇಕಂತೆ, ಅಕ್ಕ ಬರುವವರೆಗೆ ಕೆಲಸ ಮುಟ್ಟುವುದಿಲ್ಲವಂತೆ. ಭಾನುವಾರ ಬಸ್ಸು ಹತ್ತಿದೆ.

ಮಂಚದ ಮೇಲೆ ಮಾದರಿಯ ಹಲಗೆಗಳನ್ನು ಹರಡಿದ್ದರು. ಅವುಗಳ ನಡುವೆ ನನ್ನದೇ ಬಣ್ಣ ಇತ್ತು. ಅದೇ ಹೊಳಪಿಲ್ಲದ ಮಣ್ಣಿನ ಬಣ್ಣ, ಅದೇ ಒರಟು. ಕೈ ತಾನಾಗಿ ಹೋಗಿ ಅದನ್ನು ಎತ್ತಿಕೊಂಡಿತು. ಖುಷಿಗೆ ಅದನ್ನು ಮತ್ತೆ ಮತ್ತೆ ಸವರಿ ನೋಡಿದೆ. ಇಲ್ಲಿ ನಾನು ಮನೆಮಗಳು. ಇದು ಎಂದರೆ ಇದು, ಯಾರೂ ಎದುರಾಡುವಂತಿಲ್ಲ. ಅಷ್ಟರಲ್ಲಿ ತಮ್ಮನ ಹೆಂಡತಿ ಖಾಲಿ ಕಪ್ಪು ಒಯ್ಯಲು ಒಳಗೆ ಬಂದಳು. ಆಗಲೇ ಚಹಾ ತಂದು ಹೋಗಿದ್ದಳು, ನೀರೂ ತಂದು ಹೋಗಿದ್ದಳು. ನಾನು ಅವಳ ಮುಖ ನೋಡಿಯೇ ಇರಲಿಲ್ಲ. ನಿನಗೆ ಯಾವುದು ಬೇಕು ಎಂದು ಕೇಳಿದೆ.

“ನಿಮಗ ಹೆಂಗ ಬೇಕೊ ಹಂಗ ಮಾಡ್ರಿ ಅಕ್ಕಾರ.”

ಕೈಯಲ್ಲಿದ್ದ ಹಲಗೆಯನ್ನು ಕೆಳಗಿಟ್ಟೆ. ತಮ್ಮನನ್ನು ಹೊರಗೆ ಕಳಿಸಿ, ಅವಳನ್ನು ಮಂಚದ ಮೇಲೆ ಕೂಡಿಸಿಕೊಂಡು, ನಿಜ ಹೇಳು ಎಂದೆ. ತಮ್ಮ ಹೋದನೋ ಇಲ್ಲವೋ ಎಂದು ಬಾಗಿಲ ಕಡೆ ನೋಡಿಕೊಂಡು, ನನ್ನ ಮೇಲೆ ನಂಬಿಕೆ ಬಂದ ಮೇಲೆ ಹೇಳಿದಳು.

“ನಿಮ್ಮ ಮನ್ಯಾಗ ಹಾಕ್ಯಾರಲ್ರಿ, ಆ ಪಳಪಳ ಅನ್ನೂ ಬಿಳೀದು. ಅದ ಆದ್ರ ಚೊಲೊ ಇತ್ರಿ.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಬಿಳಿಯ ಬಗ್ಗೆ ಹೇಳಲು ನನ್ನ ಹತ್ತಿರ ಒಂದು ದಿನಕ್ಕಾಗುವಷ್ಟು ಮಾತಿತ್ತು. ಅದರ ಎಣ್ಣೆ, ಅದರ ಅರಿಶಿಣ, ಅದನ್ನು ಒರೆಸುವ ಕೈ, ಅದರಿಂದ ನಾನು ಎಲ್ಲಿ ಹೋಗಿ ಕೂತಿದ್ದೇನೆ ಎಂಬುದು. ಒಂದೇ ಮಾತು ಆಡಿದ್ದರೂ ಸಾಕಿತ್ತು, ಅವಳು ಅಲ್ಲಿಗೇ ಬಿಟ್ಟುಬಿಡುತ್ತಿದ್ದಳು. ನಾನು ಆ ಮಾತನ್ನು ನುಂಗಿಕೊಂಡೆ. ಜೀವನದಲ್ಲಿ ಬಹಳ ನುಂಗಿದ್ದೇನೆ, ಇದರಷ್ಟು ಕಹಿ ಯಾವುದೂ ಇರಲಿಲ್ಲ. ತಮ್ಮನನ್ನು ಕರೆದೆ.

“ಬಿಳೀದ ಹಾಕ್ಸು. ಕಟ್ಟಿ ಎತ್ತರ ಮಾತ್ರ ಅಕಿನ್ನ ನಿಂದ್ರಿಸಿ ಅಳತಿ ತಗೊ. ಯಾರರ ಬ್ಯಾಡ ಅಂದ್ರ, ಮನಿಮಗಳು ಹೇಳ್ಯಾಳ ಅನ್ನು.”

ಅವನು ಎದುರಾಡಲಿಲ್ಲ, ಟೇಪು ತರಲು ಹೋದ. ನನ್ನ ಮಾತು ಅಷ್ಟು ನಡೆಯುವುದು ಕೆಂಭಾವಿಯಲ್ಲಿ ಮಾತ್ರ. ಸೋಮವಾರ ಬೆಳಿಗ್ಗೆ ಶಹಾಪುರದಲ್ಲಿ, ಹೊಸ ಅಡುಗೆಮನೆ ದಾಟಿ ಹಿತ್ತಲಿಗೆ ಹೋಗಿ, ಗೋಡೆ ಹಿಡಿದುಕೊಂಡು ನೆಲಕ್ಕೆ ಕೂತು ಒಲೆ ಹೊತ್ತಿಸಿದೆ.