ಜೀಪಿನಲ್ಲಿ ಸುತ್ತಿದ ನೀರಾ

ಬಿಂಡಿಗನವಿಲೆಯಲ್ಲಿ ಕುರಿಗಳಿಗೆ ಲಸಿಕೆ ಹಾಕುತ್ತಿದ್ದ ನನ್ನನ್ನು ಹೆಂಡ ಹಿಡಿಯುವ ಅಬಕಾರಿ ಸಾಹೇಬರು ಸಾಕ್ಷಿಗೆಂದು ಕರೆದರು. ಊರಿನವರು ಯಾರೂ ಒಪ್ಪಿರಲಿಲ್ಲವಂತೆ. ಜೀಪಿನ ಹಿಂದುಗಡೆ ಒಂದು ಕ್ಯಾನು, ಪಕ್ಕದಲ್ಲಿ ತೆಂಗಿನತೋಟದ ನಿಂಗೇಗೌಡರು.

"ಮೂಸಿ ನೋಡಿ ಡಾಕ್ಟ್ರೇ, ಹೆಂಡ ತಾನೇ?" ಎಂದರು ಸಾಹೇಬರು.

ಮೂಸಿದೆ. ಹುಳಿ ವಾಸನೆ ಮೂಗಿಗೆ ರಾಚಿತು. "ಹೌದು ಸಾರ್, ಹೆಂಡವೇ."

ಗೌಡರು ಮೀಸೆಯಲ್ಲೇ ನಕ್ಕರು. "ಬೆಳಿಗ್ಗೆ ಇವ್ರು ಹಿಡ್ದಾಗ ಸಕ್ಕರೆ ಪಾನಕ್ದಂಗಿತ್ತು ಕಣ್ ಡಾಕ್ಟ್ರೇ. ನೀರಾ ಇಳ್ಸಕ್ಕೆ ನಂಗೆ ಲೈಸೆನ್ಸು ಐತೆ. ಐಸ್ ಪೆಟ್ಟಿಗೆಯಿಂದ ತಗ್ದು ಜೀಪಿಗಾಕೊಂಡು, ಸಾಕ್ಷಿ ಉಡುಕ್ತಾ ಮಧ್ಯಾನದಗಂಟ ಬಿಸ್ಲಲ್ಲಿ ಸುತ್ತುದ್ರು. ನೀರಾ ಉಳಿ ಬಂದು ಹೆಂಡ ಆಗ್ದೆ ಇನ್ನೇನ್ ಆದಾತು?"

"ಕಾನೂನು ಅಂದ್ರೆ ಕಾನೂನು ಕಣ್ರೀ" ಎಂದು ಸಾಹೇಬರು ಅರ್ಧ ತುಂಬಿದ ಕಾಗದ ನನ್ನ ಕೈಗಿಟ್ಟರು.

ನನ್ನ ಹೆಗಲಲ್ಲಿ ಲಸಿಕೆಯ ಐಸ್ ಡಬ್ಬ ತೂಗುತ್ತಿತ್ತು. ಅದನ್ನು ಹೀಗೆ ಬಿಸಿಲಲ್ಲಿ ಮೆರವಣಿಗೆ ಮಾಡಿಸಿದ್ದರೆ ನನ್ನ ಕೆಲಸವೇ ಹೋಗುತ್ತಿತ್ತು. 'ಹೆಂಡ ತಯಾರಾದ ಸ್ಥಳ' ಎಂದಿದ್ದ ಕಡೆ ಜೀಪಿನ ನಂಬರು ಬರೆದು ಸಹಿ ಹಾಕಿದೆ.

ಸಾಹೇಬರು ಓದಿ, ಕಾಗದವನ್ನು ಪರಪರನೆ ಹರಿದುಹಾಕಿದರು. ಗೌಡರನ್ನೂ ಬಿಟ್ಟರು. ಕ್ಯಾನು ಮಾತ್ರ ವಾಪಸು ಕೊಡಲಿಲ್ಲ. ಅಷ್ಟು ಹದವಾಗಿ ಹುಳಿ ಬಂದದ್ದನ್ನು ಯಾರು ತಾನೇ ಕೊಡುತ್ತಾರೆ?